ಬೊಂಡದ ದಿನಕರನ ಪರಿಚಯದವರು

ಹೊನ್ನಾವರದಲ್ಲಿ ಆಸ್ಪತ್ರೆಯ ಗೇಟಿನೆದುರು ಬೊಂಡ ಮಾರುವ ದಿನಕರ ನಾಯ್ಕನ ಗುರುತಿಲ್ಲ ಎಂದು ಆ ಸುತ್ತಿನಲ್ಲಿ ಯಾರಾದರೂ ಹೇಳಿದರೆ, ಅವರ ಮನೆಯಲ್ಲಿ ಇನ್ನೂ ಯಾರಿಗೂ ಕಾಯಿಲೆ ಬಂದಿಲ್ಲ ಎಂದೇ ತಿಳಿಯಬೇಕು. ಘಟ್ಟದ ಮೇಲಿನವರಿಗೆ ಬೊಂಡ ಎಂದರೆ ಎಣ್ಣೆಯಲ್ಲಿ ಕರಿದದ್ದು. ಇಲ್ಲಿ ಬೊಂಡ ಎಂದರೆ ಎಳನೀರು, ಕಾಯಿಲೆಯವರಿಗೆ ಮದ್ದಿಗಿಂತ ಮೊದಲು ಕೊಡುವಂಥದ್ದು. ಹಾಗಾಗಿ ಆಸ್ಪತ್ರೆಗೆ ಬಂದವರು ಡಾಕ್ಟರ ಮುಖ ನೋಡುವ ಮೊದಲು ದಿನಕರನ ಮುಖ ನೋಡುತ್ತಿದ್ದರು.

ಕತ್ತಿ ಬೊಂಡದ ನೆತ್ತಿಗೆ ತಾಗುವಾಗಲೇ ಅವನ ಬಾಯಿಯೂ ಶುರುವಾಗುತ್ತಿತ್ತು. "ಎಂತ ಆತು? ಯಾರಿಗೆ ಹುಷಾರಿಲ್ಲ? ಯಾವ ಊರು ನಿಮ್ದು?" ಬಂದವರು ನೀರು ಕುಡಿದು ಮುಗಿಸುವಷ್ಟರಲ್ಲಿ ರೋಗ, ರೋಗಿಯ ಅತ್ತೆಮನೆ, ಅತ್ತೆಮನೆಯ ಜಗಳ ಎಲ್ಲವೂ ಅವನ ಕಿವಿಗೆ ಬಿದ್ದಿರುತ್ತಿತ್ತು. ಬೊಂಡ ಸೀಳಿ ಒಳಗಿನ ಗಂಜಿಯಂಥ ತಿರುಳು ತೆಗೆದುಕೊಡುತ್ತ, "ತಡೀರಿ, ಒಂದು ಫೋನ್ ಮಾಡ್ತೆ" ಎನ್ನುತ್ತಿದ್ದ. ಎಕ್ಸ್‌ರೇ ತೆಗೆಯುವವನು ಅವನ ಭಾವನ ಕಡೆಯವನು. ಭಟ್ಕಳದಲ್ಲಿ ರಕ್ತ ಪರೀಕ್ಷೆ ಮಾಡುವವರ ಹತ್ತಿರ ಅರ್ಧ ಉರ್ದು, ಅರ್ಧ ಕೊಂಕಣಿಯಲ್ಲಿ ಮಾತಾಡಿ ನಗಿಸಿಬಿಡುತ್ತಿದ್ದ. ಕುಮಟೆಯ ನರ್ಸುಗಳಲ್ಲಿ ಯಾರ ಮದುವೆ ಎಲ್ಲಿಗಾಯಿತು ಎಂಬುದು ಅವರ ತಾಯಂದಿರಿಗಿಂತ ಚೆನ್ನಾಗಿ ಅವನಿಗೆ ಗೊತ್ತಿತ್ತು.

ಈ ಕರಾವಳಿಯವರು ಆಸ್ಪತ್ರೆಗೆ ಹೋಗುವ ರೀತಿಯೇ ಹಾಗೆ. ಡಾಕ್ಟರು ಹೇಗೆ, ಮದ್ದು ಹೇಗೆ ಎಂದು ಯಾರೂ ಮೊದಲು ಕೇಳುವುದಿಲ್ಲ. ಅಲ್ಲಿ ನಮ್ಮೋರು ಯಾರಾದರೂ ಇದ್ದಾರಾ ಎಂದು ಕೇಳುತ್ತಾರೆ. ನಮ್ಮೋರು ಇದ್ದರೆ ಅರ್ಧ ರೋಗ ಅಲ್ಲೇ ಇಳಿಯುತ್ತದೆ. ಆ ನಮ್ಮೋರನ್ನು ಹುಡುಕಿಕೊಡುವ ಕೆಲಸ ದಿನಕರನದ್ದು. ಇದಕ್ಕಾಗಿ ಅವನು ಯಾರಿಂದಲೂ ಏನನ್ನೂ ತೆಗೆದುಕೊಂಡವನಲ್ಲ, ಕೊಡಲು ಬಂದವರನ್ನು ಬೈದು ಕಳಿಸುತ್ತಿದ್ದ. ಪೇಟೆಯಲ್ಲಿ ನಡೆದು ಹೋಗುವಾಗ, "ದಿನಕರಣ್ಣ ಇಲ್ದಿದ್ರೆ ನಮ್ಮ ಅಪ್ಪ ಉಳೀತಿರ್ಲಿಲ್ಲ" ಎಂಬ ಮಾತೊಂದು ಕಿವಿಗೆ ಬಿದ್ದರೆ ಸಾಕು, ಮನೆಗೆ ಬಂದು ಒಂದು ತುತ್ತು ಹೆಚ್ಚು ಉಣ್ಣುತ್ತಿದ್ದ. ಒಳ್ಳೆಯ ಮನುಷ್ಯ ಹೌದು. ಹೆಮ್ಮೆಯ ಮನುಷ್ಯ ಅನ್ನುವುದೂ ಅಷ್ಟೇ ಹೌದು.

ಇಂಥವನ ಅಂಗಡಿಗೆ ಒಂದು ದಿನ ಸಂಪದಾ ಹೆಗಡೆ ಬಂದಳು. ಕುಮಟೆಯ ಕಾಲೇಜಿನಲ್ಲಿ ಪಾಠ ಹೇಳುವವಳು, ದೊಡ್ಡ ಆಸ್ಪತ್ರೆಗಾಗಿ ಹೋರಾಡುವ ಸಮಿತಿಯಲ್ಲಿದ್ದಳು. ತಲೆಗೆ ಪೆಟ್ಟು ಬಿದ್ದರೆ, ಎದೆ ಹಿಡಿದರೆ, ಮಗು ತಿಂಗಳು ತುಂಬದೆ ಹುಟ್ಟಿದರೆ ನಮ್ಮವರು ಹೆದ್ದಾರಿ ಹಿಡಿದು ಜಿಲ್ಲೆ ದಾಟಿ ಓಡಬೇಕು. ಓಡುವಾಗ ದಾರಿಯಲ್ಲೇ ಮುಗಿದವರು ಊರೂರಲ್ಲಿ ಇದ್ದಾರೆ. ಆ ಕೂಗು ಹಳೆಯದು, ಓಟಿನ ಹೊತ್ತಿಗೆ ಜೋರಾಗಿ ಆಮೇಲೆ ತಣ್ಣಗಾಗುವಂಥದ್ದು. ಈ ಸಲ ಬಿಡುವುದಿಲ್ಲ ಎಂದು ಸಂಪದಾ ಹಟ ಹಿಡಿದಿದ್ದಳು.

"ದಿನಕರಣ್ಣ, ನಾಡಿದ್ದು ಕುಮಟೆಯಲ್ಲಿ ಧರಣಿ ಇದೆ. ಒಂದು ದಿನ ಅಂಗಡಿ ಮುಚ್ಚಿ ಬನ್ನಿ. ನೀವು ಬಂದರೆ ನಿಮ್ಮ ಹಿಂದೆ ಜನ ಬರ್ತಾರೆ" ಎಂದಳು.

"ಎಂತ ಕೇಳೂಕೆ ತಂಗಿ, ಧರಣಿ?"

"ಚಿಕಿತ್ಸೆ ನಮ್ಮ ಹಕ್ಕು ಅಂತ. ಮನುಷ್ಯ ಅಂತ ಹುಟ್ಟಿದ ಮೇಲೆ ಬದುಕೂದಕ್ಕೆ ಬೇಕಾದ ಮದ್ದು ಸಿಗಬೇಕು. ಅದು ಯಾರೋ ಮಾಡುವ ಉಪಕಾರ ಅಲ್ಲ."

ದಿನಕರ ನಕ್ಕುಬಿಟ್ಟ. "ಹಕ್ಕು ಅಂತ ಬೋರ್ಡು ಹಿಡ್ಕಂಡು ಹೋದ್ರೆ ವಾಚ್‌ಮನ್ ಗೇಟು ತೆಗೀತಾನಾ? ಪರಿಚಯ ಬೇಕು ತಂಗಿ, ಪರಿಚಯ. ನಿಮ್ಮ ಕಾನೂನು ಬಂದು ಬಾಗಿಲು ತೆಗೆಯೂದ್ರೊಳಗೆ ನಾ ಇಲ್ಲಿಂದ ಒಂದು ಫೋನ್ ಮಾಡಿ ರೋಗಿನ ಮಲಗಿಸಿ ಬರ್ತೆ."

"ಪರಿಚಯ ಇಲ್ಲದೋರು ಎಲ್ಲಿಗೆ ಹೋಗ್ಬೇಕು?"

"ನನ್ನ ಹತ್ರ ಬರ್ಲಿ."

ಸುತ್ತ ನಿಂತವರು ಹೋ ಎಂದು ನಕ್ಕರು. ಸಂಪದಾ ಮಾತು ಬೆಳೆಸದೆ ಬೊಂಡ ಕುಡಿದು ಹೊರಟಳು. ಧರಣಿಯ ದಿನ ದಿನಕರ ಬೇಕೆಂದೇ ಬೇಗ ಬಂದು ಅಂಗಡಿ ತೆಗೆದ. ಸಾಲಿನಲ್ಲಿದ್ದ ಚಾದಂಗಡಿಯವನಿಗೂ ಹಣ್ಣಿನವಳಿಗೂ ಮುಚ್ಚಬೇಡಿ ಎಂದು ಹೇಳಿದ.

ಅವನ ಪರಿಚಯದವರಲ್ಲೆಲ್ಲ ದೊಡ್ಡವನು ಜಗದೀಶ. ಕುಮಟೆಯ ಹೆದ್ದಾರಿ ಬದಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಯಾವ ರೋಗಿ ಯಾವ ಹಾಸಿಗೆಗೆ ಎಂದು ನಿರ್ಧರಿಸುವ ಮೇಜು ಅವನದ್ದು. ಆ ಮೇಜಿಗೆ ಅವನನ್ನು ಮುಟ್ಟಿಸಿದ್ದೂ ದಿನಕರನೇ. ನೆರೆಮನೆಯವನು, ತಂದೆ ಸಮುದ್ರಕ್ಕೆ ಹೋದವನು ತಿರುಗಿ ಬರಲಿಲ್ಲ. ಡಿಗ್ರಿ ಮುಗಿಸಿ ಖಾಲಿ ಕೂತಿದ್ದವನನ್ನು ದಿನಕರ ತನ್ನ ಪರಿಚಯದ ಒಬ್ಬರ ಕೈಕಾಲು ಹಿಡಿದು ಅಲ್ಲಿ ಸೇರಿಸಿದ್ದ. "ನೀವು ನಂಗೆ ತಂದೆ ಇದ್ದಂಗೆ" ಎಂದು ಜಗದೀಶ ಎಲ್ಲರೆದುರು ಹೇಳುತ್ತಿದ್ದ, ಬರೀ ಬಾಯಿಮಾತಿಗೆ ಹೇಳುತ್ತಲೂ ಇರಲಿಲ್ಲ. ದಿನಕರ ಫೋನ್ ಮಾಡಿ, "ಜಗ್ಗಾ, ಒಂದು ಜಾಗ ಬೇಕಲ್ಲಾ" ಎಂದರೆ, ಕುಡಿಯುತ್ತಿದ್ದ ಚಾ ತಣಿಯುವುದರೊಳಗೆ ಉತ್ತರ ಬರುತ್ತಿತ್ತು. "ಕರ್ಕಂಡು ಬನ್ನಿ ದಿನಕರಣ್ಣ, ಆತು." ಅದೊಂದು 'ಆತು' ಕೇಳುವುದಕ್ಕೆ ದಿನಕರನಿಗೆ ಎಷ್ಟು ಖುಷಿ ಎಂದರೆ, ಫೋನನ್ನು ಕಿವಿಗಿಡದೆ ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿರುತ್ತಿದ್ದ.

ದಿನಕರನಿಗೆ ಒಬ್ಬಳೇ ಮಗಳು, ಮಾಲಿನಿ. ಭಟ್ಕಳದ ಪಕ್ಕದ ಹೆಬಳೆಗೆ ಕೊಟ್ಟಿದ್ದ. ಅಳಿಯ ಸಂಜಯನದ್ದು ಮಲ್ಲಿಗೆ ಹೂವಿನ ವ್ಯಾಪಾರ. ಬಹಳ ವರ್ಷ ಕಾದ ಮೇಲೆ ಮಾಲಿನಿ ಬಸುರಿಯಾಗಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಹೊನ್ನಾವರಕ್ಕೆ ಕರೆತಂದರು. ಬಯಕೆ ಊಟದ ದಿನ ಜಗದೀಶನೂ ಬಂದಿದ್ದ. ಬಾಳೆಯೆದುರು ಕೂತು, ಬಡಿಸಲು ಬಂದ ದಿನಕರನ ಹೆಂಡತಿ ಗಣಪಿಗೆ ಅವನೇ ಧೈರ್ಯ ಹೇಳಿದ. "ಅಮ್ಮ, ನೀವು ಎಂತಕ್ಕೂ ಹೆದರ್ಬೇಡಿ. ಮಾಲಿನಿ ನಂಗೆ ತಂಗಿ ಅಲ್ವಾ? ಯಾವ ಹೊತ್ತಿಗೆ ಬಂದ್ರೂ ಅವಳಿಗೆ ಜಾಗ ಇದ್ದೇ ಇರ್ತದೆ. ನಾ ಅಲ್ಲಿದ್ದೂ ಇಲ್ಲ ಅಂದ್ರೆ ನಾ ಎಂತಕ್ಕೆ ಇರೂದು?" ಗಣಪಿ ಕಣ್ಣೊರೆಸಿಕೊಂಡು ಅವನ ಬಾಳೆಗೆ ಇನ್ನೊಂದು ಹೋಳಿಗೆ ಹಾಕಿದಳು.

ಎಂಟು ತಿಂಗಳಿಗೇ ಮಾಲಿನಿಗೆ ನೋವು ಬಂತು. ಬೆಳಗಿನ ಹೊತ್ತು, ದಿನಕರ ಇನ್ನೂ ಬೊಂಡದ ಗೊನೆ ಇಳಿಸುತ್ತಿದ್ದ. ಎದುರಿನ ಆಸ್ಪತ್ರೆಗೇ ಸೇರಿಸಿದರು. ಡಾಕ್ಟರು ಪರೀಕ್ಷೆ ಮಾಡಿ ಹೊರಗೆ ಬಂದು ನೇರವಾಗಿಯೇ ಹೇಳಿದರು. "ದಿನಕರ, ಮಗು ಬಹಳ ಸಣ್ಣದಿದೆ. ಹುಟ್ಟಿದ ಕೂಡಲೇ ಬೆಚ್ಚಗಿಡುವ ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಸಿರಿನ ಯಂತ್ರ ಹಾಕಬೇಕು, ಅದು ನಮ್ಮಲ್ಲಿಲ್ಲ. ಹೆರಿಗೆಗೆ ಇನ್ನೂ ಹೊತ್ತಿದೆ. ಜಿಲ್ಲೆಯಾಚೆಯ ಆಸ್ಪತ್ರೆಗೆ ನಾನೇ ಮಾತಾಡಿದ್ದೇನೆ, ಅಲ್ಲಿ ಜಾಗ ಇಟ್ಟುಕೊಳ್ಳುತ್ತಾರೆ. ಆಂಬುಲೆನ್ಸ್ ನಿಂತಿದೆ, ಜೊತೆಗೆ ಸಿಸ್ಟರನ್ನು ಕಳಿಸುತ್ತೇನೆ. ಈಗಲೇ ಹೊರಡಿ."

ಮಾಲಿನಿ ಮಂಚದ ಮೇಲಿಂದಲೇ, "ಅಪ್ಪ, ಡಾಕ್ಟ್ರು ಹೇಳ್ದಂಗೆ ಮಾಡ್ವ" ಎಂದಳು.

"ನೀ ಸುಮ್ನಿರು ಮಗಾ. ಅಷ್ಟು ದೂರ ನಿನ್ನ ಕುಲುಕಿಸ್ಕಂಡು ಎಂತಕ್ಕೆ ಹೋಗೂದು? ಕುಮಟೆಯಲ್ಲಿ ನಮ್ಮೋರಿದ್ದಾರೆ."

ಅಲ್ಲೇ ನಿಂತು ಜಗದೀಶನಿಗೆ ಫೋನ್ ಮಾಡಿದ. ಸ್ಪೀಕರಿಗೇ ಹಾಕಿದ. "ಪೆಟ್ಟಿಗೆ ಖಾಲಿ ಇದೆ ದಿನಕರಣ್ಣ. ನಾ ಹಿಡ್ದಿಟ್ಕಂತೆ. ಬನ್ನಿ" ಎಂದಿತು ಅತ್ತಲಿನ ದನಿ. ಕೇಳಿದಿರಲ್ಲ ಎನ್ನುವಂತೆ ದಿನಕರ ಡಾಕ್ಟರ ಮುಖ ನೋಡಿದ. "ಖಾತ್ರಿಯಾ?" ಎಂದು ಅವರು ಇನ್ನೊಮ್ಮೆ ಕೇಳಿದರು. ದಿನಕರ ಉತ್ತರ ಕೊಡುವ ಬದಲು ಆಂಬುಲೆನ್ಸಿನ ಚಾಲಕನಿಗೆ, "ನೀ ಬಿಡು ಮಾರಾಯ, ನಮ್ಗೆ ಬೇಡ" ಎಂದು ಕೈ ಬೀಸಿದ. ಆ ಗಾಡಿ ಬೇರೊಬ್ಬ ರೋಗಿಯನ್ನು ಹಾಕಿಕೊಂಡು ದಕ್ಷಿಣಕ್ಕೆ ಹೋಯಿತು. ಇವರು ಬಾಡಿಗೆ ಓಡಿಸುವ ಮಾಬ್ಲನ ಕಾರಿನಲ್ಲಿ ಉತ್ತರಕ್ಕೆ ಹೊರಟರು.

ಕುಮಟೆಯಲ್ಲಿ ಮಾಲಿನಿಯನ್ನು ಒಳಗೆ ಕರೆದುಕೊಂಡು ಹೋದರು. ಹೋಗಿ ಸ್ವಲ್ಪ ಹೊತ್ತಿಗೇ ಹೆಣ್ಣು ಮಗು ಹುಟ್ಟಿತು. ಅತ್ತಿತು ಕೂಡ, ಬೆಕ್ಕಿನ ಮರಿಯ ಹಾಗೆ. ಗಣಪಿ ದೇವರಿಗೆ ಕೈಮುಗಿಯುತ್ತಿರುವಾಗಲೇ ಒಳಗಿನಿಂದ ಬಂದ ಸಿಸ್ಟರು, "ಮಗುವಿಗೆ ಉಸಿರಿನ ತೊಂದರೆ ಇದೆ. ನಮ್ಮಲ್ಲಿ ಪೆಟ್ಟಿಗೆ ಖಾಲಿ ಇಲ್ಲ, ಬೇಗ ಬೇರೆ ಕಡೆಗೆ ವ್ಯವಸ್ಥೆ ಮಾಡ್ಕೊಳ್ಳಿ" ಎಂದಳು.

"ಇಲ್ಲ ಅಂದ್ರೆ? ಜಗದೀಶ ಹಿಡ್ದಿಟ್ಟಿದ್ದಾನಲ್ಲ?"

ಸಿಸ್ಟರಿಗೆ ಏನೂ ಗೊತ್ತಿರಲಿಲ್ಲ. ದಿನಕರ ಮೇಲಿನ ಮಹಡಿಗೆ ಓಡಿದ. ಜಗದೀಶನ ಕುರ್ಚಿ ಖಾಲಿ ಇತ್ತು. ಫೋನ್ ಮಾಡಿದ, ಒಂದು ಸಲ ಪೂರ್ತಿ ರಿಂಗಾಯಿತು. ಮತ್ತೆ ಮಾಡಿದ, ಸ್ವಿಚ್ ಆಫ್. ಬಂದಾಗಲೆಲ್ಲ ನಗುತ್ತ ಮಾತಾಡಿಸುತ್ತಿದ್ದ ವಾಚ್‌ಮನ್ ಸೋಮ ಇವನನ್ನು ಕಂಡು ನೆಲ ನೋಡಿದ. ಗಾಜಿನ ಕಿಟಕಿಯಾಚೆ ಪೆಟ್ಟಿಗೆಗಳು ಕಾಣುತ್ತಿದ್ದವು, ಎಲ್ಲದರಲ್ಲೂ ಮಕ್ಕಳಿದ್ದವು. ಕೊನೆಯದಕ್ಕೆ ಆಗಷ್ಟೇ ಒಂದು ಮಗುವನ್ನು ಹಾಕಿ ನಳಿಕೆಗಳನ್ನು ಸರಿಪಡಿಸುತ್ತಿದ್ದರು. ಹೊರಗೆ ಆ ಮಗುವಿನ ಮನೆಯವರು, ಇಸ್ತ್ರಿ ಬಟ್ಟೆಯವರು, ಯಾರಿಗೋ ಫೋನಿನಲ್ಲಿ ಥ್ಯಾಂಕ್ಸ್ ಹೇಳುತ್ತಿದ್ದರು. ದಿನಕರನಿಗೆ ಅರ್ಥವಾಯಿತು. ಮೋಸ, ಮೋಸ ಎಂದು ಬಾಯಲ್ಲಿ ಬರುತ್ತಿತ್ತು, ಕೇಳುವವರು ಯಾರೂ ಇರಲಿಲ್ಲ.

ಆಂಬುಲೆನ್ಸ್ ಸಿಗಲು ಹೊತ್ತಾಯಿತು. ಅಷ್ಟರಲ್ಲಿ ಸಂಜಯ ಹೆಬಳೆಯಿಂದ ಓಡಿ ಬಂದಿದ್ದ. ಮಾಲಿನಿಯನ್ನು ಗಣಪಿಯ ಹತ್ತಿರ ಬಿಟ್ಟು, ಮಾವ ಅಳಿಯ ಇಬ್ಬರೂ ಮಗುವಿನ ಜೊತೆ ಕೂತರು. ಬೆಳಿಗ್ಗೆ ಬೇಡವೆಂದ ದಾರಿಯಲ್ಲೇ ಗಾಡಿ ಓಡಿತು. ಹೊನ್ನಾವರ ದಾಟಿತು, ಶರಾವತಿ ಸೇತುವೆ ದಾಟಿತು. ಬೆಳಿಗ್ಗೆಯೇ ಹೋಗಿದ್ದರೆ ಈ ಹೊತ್ತಿಗೆ ಮುಟ್ಟಿಯಾಗಿರುತ್ತಿತ್ತು ಎಂಬುದೊಂದೇ ದಿನಕರನ ತಲೆಯಲ್ಲಿ ತಿರುಗುತ್ತಿತ್ತು. ಮಗುವಿನ ಎದೆ ಪ್ರತಿ ಉಸಿರಿಗೂ ಒಳಗೆ ಕುಸಿಯುತ್ತಿತ್ತು. ಜೊತೆಗಿದ್ದ ನರ್ಸ್ ಹುಡುಗಿ ಗಾಳಿಯ ಚೀಲ ಒತ್ತುತ್ತಲೇ ಇದ್ದಳು. ಭಟ್ಕಳಕ್ಕೆ ಮುಂಚೆ, ಹೆಬಳೆಯ ತಿರುವು ಹತ್ತಿರ ಬರುವಾಗ ಅವಳು ಒತ್ತುವುದನ್ನು ನಿಲ್ಲಿಸಿ ಚಾಲಕನಿಗೆ ಸೈರನ್ ಬಂದ್ ಮಾಡಲು ಹೇಳಿದಳು.

ಸಂಜಯ ಅಳಲಿಲ್ಲ. "ಇಲ್ಲೇ ತಿರುಗಿಸಿ, ನಮ್ಮನೆ ಇಲ್ಲೇ" ಎಂದ ಅಷ್ಟೆ. ಹೆಸರೂ ಇಡದ ಮಗುವನ್ನು ಅಪ್ಪನ ಮನೆಯ ಹಿತ್ತಲಿನಾಚೆ ಮಣ್ಣು ಮಾಡಿದರು. ತಾಯಿ ಅದರ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ.

ಮಾಲಿನಿ ತವರಿಗೆ ಬಂದಳು, ಕೈಯಲ್ಲಿ ಮಗುವಿಲ್ಲದ ಬಾಣಂತಿ. ಗಣಪಿ ಎಣ್ಣೆ ನೀರು ಹಾಕಿದರೆ ಹಾಕಿಸಿಕೊಳ್ಳುತ್ತಿದ್ದಳು, ಉಣ್ಣಲು ಕೊಟ್ಟರೆ ಉಣ್ಣುತ್ತಿದ್ದಳು. ಅಪ್ಪನ ಹತ್ತಿರ ಮಾತ್ರ ಮಾತಿಲ್ಲ. ನೋಡಲು ಬಂದ ನೆಂಟರು ಹಣೆಬರಹ ಎಂದರೆ ದಿನಕರ ಕೂಗಿಬಿಡುತ್ತಿದ್ದ. "ಹಣೆಬರ ಅಲ್ಲ, ಜಗದೀಶ! ನನ್ನ ಮನೆ ಅನ್ನ ಉಂಡು ನನ್ನ ಮೊಮ್ಮಗಳನ್ನ ತಿಂದ!" ಜಗದೀಶ ಬರಲಿಲ್ಲ, ಫೋನೂ ಮಾಡಲಿಲ್ಲ. ಅವನ ತಾಯಿ ಸಣ್ಣಿ ಪಕ್ಕದ ಮನೆಯವಳಾಗಿಯೂ ಮುಂದಿನ ಬಾಗಿಲು ಬಿಟ್ಟು ಹಿತ್ತಲಿನಿಂದ ಓಡಾಡತೊಡಗಿದಳು. ಕೊಲ್ಲುವಷ್ಟು ಸಿಟ್ಟು ಬರುತ್ತಿತ್ತು ದಿನಕರನಿಗೆ. ಸಿಟ್ಟಿನ ಕೆಳಗೆ ಅದಕ್ಕಿಂತ ಕೆಟ್ಟ ಒಂದು ನೋವಿತ್ತು. ಸ್ವಂತ ಮಗನಂತೆ ಕಂಡವನು ಕೈಬಿಟ್ಟನಲ್ಲ ಎಂಬ ನೋವು ಅದು, ಯಾರ ಹತ್ತಿರ ಹೇಳಿಕೊಂಡರೂ ಕಡಿಮೆಯಾಗುತ್ತಿರಲಿಲ್ಲ.

ಕುಮಟೆಯಲ್ಲಿ ಮತ್ತೆ ಧರಣಿ ಎಂದು ಕೇಳಿದಾಗ ಯಾರೂ ಕರೆಯದೆಯೇ ಹೋದ. ಸಂಪದಾ ಅವನನ್ನು ಕಂಡವಳೇ ಎದ್ದು ಬಂದು ಮುಂದಿನ ಸಾಲಿನಲ್ಲಿ ಕೂರಿಸಿದಳು, ಹಳೆಯ ಮಾತು ಎತ್ತಲಿಲ್ಲ. ಮೈಕು ಕೊಟ್ಟಾಗ ದಿನಕರ ಎಲ್ಲವನ್ನೂ ಹೇಳಿದ. ಬಯಕೆ ಊಟದ ಮಾತು, ಫೋನಿನ ಮಾತು, ಖಾಲಿ ಕುರ್ಚಿ. "ಅವನಿಗೆ ಕೆಲ್ಸ ಕೊಡಿಸಿದ್ದು ನಾನು. ಆ ದ್ರೋಹಿ ಹೆಸರು ಜಗದೀಶ. ಎಲ್ಲರೂ ನೆನಪಿಟ್ಕಳಿ!" ಎಂದ. ಜನ ಚಪ್ಪಾಳೆ ತಟ್ಟಿದರು, ಮೊಬೈಲಿನಲ್ಲಿ ಹಿಡಿದರು.

ಆಮೇಲೆ ಸಂಪದಾ ಮೈಕು ತೆಗೆದುಕೊಂಡು ಮೆಲ್ಲಗೆ, "ದಿನಕರಣ್ಣನಿಗೆ ಆದದ್ದು ಯಾರಿಗೂ ಆಗಬಾರದು. ಆದರೆ ಜಗದೀಶ ಮಾತು ಉಳಿಸಿಕೊಂಡಿದ್ದರೂ ನಾವು ಇಲ್ಲಿ ಕೂರಲೇಬೇಕಿತ್ತು" ಎಂದಳು. ದಿನಕರನಿಗೆ ಅದು ಹಿಡಿಸಲಿಲ್ಲ. ಮಗು ಹೋದದ್ದು ನನ್ನ ಮನೆಯದ್ದು, ಇವಳಿಗೆ ಪಾಠ ಹೇಳುವ ಚಟ ಎಂದುಕೊಂಡು ಬಸ್ಸು ಹತ್ತಿದ.

ಆ ವಿಡಿಯೋ ಮೂರೂ ತಾಲೂಕು ಸುತ್ತಿತು. ಮರುದಿನ ಸಂಜೆ ಜಗದೀಶ ತಾನಾಗಿಯೇ ಬಂದ. ಜಗಲಿಯ ಕೆಳಗೆ ಚಪ್ಪಲಿ ಬಿಟ್ಟು ಅಂಗಳದಲ್ಲೇ ನಿಂತ. ಮುಖ ಇಳಿದುಹೋಗಿತ್ತು. ದಿನಕರ ಎದ್ದವನೇ ಅವನ ಕಾಲರಿಗೆ ಕೈಹಾಕಿದ.

"ಹೊಡೀರಿ ದಿನಕರಣ್ಣ. ಹೊಡೆಸ್ಕಳೂಕೇ ಬಂದಿದ್ದೆ ಅಂತ ತಿಳ್ಕಳಿ. ಆದ್ರೆ ಹೊಡಿಯೂಕೆ ಮೊದ್ಲು ಕೇಳಿ."

"ಎಂತ ಕೇಳೂದು? ಹಿಡ್ದಿಟ್ಕಂತೆ ಅಂದ್ಯೋ ಇಲ್ವೋ?"

"ಅಂದೆ. ಹಿಡ್ದೂ ಇಟ್ಟಿದ್ದೆ. ನೀವು ದಾರೀಲಿದ್ದಾಗ ಮೇಲಿಂದ ಫೋನ್ ಬಂತು, ಒಬ್ರು ದೊಡ್ಡೋರ ಮೊಮ್ಮಗು ಬರ್ತಾ ಇದೆ, ಜಾಗ ಮಾಡು ಅಂತ. ಇಲ್ಲ ಅಂದಿದ್ರೆ ಆ ಕುರ್ಚೀಲಿ ನಾ ಇರ್ತಿರ್ಲಿಲ್ಲ. ನಿಮ್ಗೆ ಮುಖ ತೋರ್ಸೂಕೆ ಆಗ್ದೆ ಫೋನ್ ಬಂದ್ ಮಾಡ್ದೆ. ನಾ ಹೇಡಿ, ಒಪ್ಪಿದೆ. ಆದ್ರೆ ದ್ರೋಹಿ ಅಂತ ಊರಿಗೆಲ್ಲ ಸಾರಿದ್ರಲ್ಲ, ಇಷ್ಟು ವರ್ಷ ನೀವು ಫೋನ್ ಮಾಡ್ದಾಗೆಲ್ಲ ನಾ ಜಾಗ ಎಲ್ಲಿಂದ ತಂದೆ ಅಂತ ತಿಳ್ದಿದ್ರಿ? ನಮ್ಮಲ್ಲಿ ಜಾಗ ಬೆಳೀತದಾ?"

ದಿನಕರನ ಕೈ ಕಾಲರಿನ ಮೇಲೆಯೇ ಇತ್ತು.

"ಹೋದ ಮಳೆಗಾಲದಲ್ಲಿ ನಮ್ಮದೇ ಕೇರಿಯ ಶುಕ್ರನ ಮೊಮ್ಮಗನ್ನ ಕಳಿಸಿದ್ರಿ. ಇದೇ ಪೆಟ್ಟಿಗೆ. ಅವತ್ತು ಅದು ಘಟ್ಟದ ಬುಡದ ಒಬ್ಬಳ ಮಗೂಗೆ ಅಂತ ಇಟ್ಟದ್ದು. ಅವ್ರು ಬಂದು ಗೇಟಲ್ಲಿ ನಿಂತಿದ್ರು. ಖಾಲಿ ಇಲ್ಲ ಅಂತ ನಾನೇ ಹೇಳಿ ಕಳಿಸ್ದೆ, ನಿಮ್ಮ ಮಾತಿಗೆ. ಸಂಜೆ ನೀವು ಒಂದು ಗೊನೆ ಬೊಂಡ ಕಳಿಸಿದ್ರಿ. ಪ್ರತಿ ಸಲ ಯಾರನ್ನೋ ಎಬ್ಬಿಸಿಯೇ ನಿಮ್ಮೋರನ್ನ ಮಲಗಿಸ್ದೆ ದಿನಕರಣ್ಣ. ಈ ಸಲ ಎಬ್ಬಿಸಿದ್ದು ನಿಮ್ಮನ್ನ. ಬೇರೆ ಎಂತದೂ ಆಗ್ಲಿಲ್ಲ."

ಸುಳ್ಳು ಎಂದು ಕೂಗಬೇಕೆನಿಸಿತು ದಿನಕರನಿಗೆ. ಬೈಯಲು ಇಷ್ಟು ದಿನ ಕೂಡಿಟ್ಟುಕೊಂಡಿದ್ದ ಮಾತುಗಳನ್ನೆಲ್ಲ ಯಾರ ಮೇಲೆ ಎಸೆಯಬೇಕೆಂದೇ ತಿಳಿಯದೆ ನಿಂತ.

ಒಳಗಿನಿಂದ ಮಾಲಿನಿ ಬಂದು ಬಾಗಿಲಲ್ಲಿ ನಿಂತಿದ್ದು ಇಬ್ಬರಿಗೂ ಗೊತ್ತಾಗಿರಲಿಲ್ಲ. ತಲೆಗೆ ಬಟ್ಟೆ ಸುತ್ತಿಕೊಂಡಿದ್ದಳು.

"ಜಗದೀಶಣ್ಣ, ಅವಳು ಆಮೇಲೆ ಎಲ್ಲಿಗೆ ಹೋದ್ಲು?" ಎಂದಳು.

"ಯಾರು ತಂಗಿ?"

"ಗೇಟಲ್ಲಿ ನಿಂತಿದ್ಲು ಅಂದ್ಯಲ್ಲ, ಅವಳು. ಅವಳ ಮಗು ಎಂತಾತು?"

ಜಗದೀಶ ತಲೆ ತಗ್ಗಿಸಿದ. "ಗೊತ್ತಿಲ್ಲ. ಕೇಳ್ಳಿಲ್ಲ ನಾನು."

ಮಗು ಹೋದಂದಿನಿಂದ ಅಪ್ಪನನ್ನು ಕಣ್ಣೆತ್ತಿ ನೋಡದಿದ್ದವಳು ಈಗ ನೋಡಿದಳು. "ನೀ ಕೇಳಿದ್ಯಾ ಅಪ್ಪ?"

ಹೊನ್ನಾವರದ ಪ್ರತಿ ರೋಗಿಯ ಅತ್ತೆಮನೆಯ ಹೆಸರು ಹೇಳಬಲ್ಲ ದಿನಕರ ಇಲ್ಲವೆಂದು ತಲೆ ಅಲ್ಲಾಡಿಸಿದ.

"ಇವನು ಮಾತು ಉಳಿಸ್ಕಂಡಿದ್ರೆ ನನ್ನ ಮಗೂ ಬದಲಿಗೆ ಆ ದೊಡ್ಡೋರ ಮೊಮ್ಮಗು ಗಾಡೀಲಿ ಹೋಗ್ತಿತ್ತು. ನೀ ಇವನಿಗೆ ಬೊಂಡ ಕಳಿಸ್ತಿದ್ದೆ. ನಾನೂ ಖುಷೀಲಿ ಇರ್ತಿದ್ದೆ, ಎಂತದೂ ಗೊತ್ತಾಗ್ದೇ." ಅವಳು ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡಳು. "ಡಾಕ್ಟ್ರು ಗಾಡಿ ನಿಲ್ಸಿಟ್ಟಿದ್ರು ಅಪ್ಪ. ಯಾರನ್ನೂ ಎಬ್ಬಿಸೂದು ಬೇಕಿರ್ಲಿಲ್ಲ. ಯಾರ ಪರಿಚಯಾನೂ ಬೇಕಿರ್ಲಿಲ್ಲ. ಅದು ನಮ್ಗೇ ಅಂತ ಇದ್ದ ಜಾಗ ಆಗಿತ್ತು. ಅದನ್ನ ನೀ ಬೇಡ ಅಂದೆ."

ದಿನಕರ ಕಾಲರು ಬಿಟ್ಟು ಮಗಳ ಕಡೆಗೆ ಒಂದು ಹೆಜ್ಜೆ ಇಟ್ಟ. ಅವಳು ಹಿಂದೆ ಸರಿದು ಬಾಗಿಲು ಹಾಕಿಕೊಂಡಳು. ಒಳಗಿನಿಂದ ಚಿಲಕ ಹಾಕಿದ್ದು ಅಂಗಳಕ್ಕೆ ಕೇಳಿಸಿತು. ಹೊರಗೆ ಜಗದೀಶನ ಪಕ್ಕದಲ್ಲಿ ದಿನಕರ ಉಳಿದ.